ಸೋರ್ಸ್‌ನಿಂದ ಕಟ್ಟಿದ ಸರ್ವರ್ ಆಫೀಸಿನಲ್ಲಿ ಕಾಣುತ್ತೆ, ಹೊರಗೆ ಕಾಣಲ್ಲ: ಏನು ಮಾಡಲಿ?

ಪ್ರಶ್ನೆ: ನಾನು ಡೊಂಬಿವಲಿ ಪೂರ್ವದಲ್ಲಿದ್ದೇನೆ, ಬ್ಯಾಂಕ್ ಕೆಲಸದಿಂದ ನಿವೃತ್ತ. ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯ ಹಳೆ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದ್ದೇವೆ. ಒಟ್ಟು 40 ಜಿಬಿ ಪಿಡಿಎಫ್. ಎಲ್ಲರೂ ಓದುವ ಹಾಗೆ ಇಡೋಣ ಅಂತ ಆಫೀಸಿನ ಹಳೆ ಡೆಸ್ಕ್‌ಟಾಪ್‌ಗೆ ಡೆಬಿಯನ್ 12 (ಒಂದು ಬಗೆಯ ಲಿನಕ್ಸ್) ಹಾಕಿದೆ. ಮಗನ ಸ್ನೇಹಿತ ‘ರೆಡಿಮೇಡ್ ಪ್ಯಾಕೇಜ್ ಹಳೇದು ಅಂಕಲ್, ಸೋರ್ಸ್ ಕೋಡ್ ತಂದು ನಾವೇ ಕಂಪೈಲ್ ಮಾಡಿ ಪ್ರೋಗ್ರಾಂ ಕಟ್ಟಿದರೆ ಸೇಫ್, ಸ್ಪೀಡೂ ಜಾಸ್ತಿ’ ಅಂದ. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಸಾಫ್ಟ್‌ವೇರಿನ ಸೋರ್ಸ್ ಇಳಿಸಿಕೊಂಡೆವು. ಕಂಪೈಲ್‌ಗೆ ಮುಂಚಿನ ಕಾನ್ಫಿಗರ್ ಹಂತ ಎರಡು ಸಲ ಎರರ್ ಕೊಟ್ಟಿತು, ಏನೇನೋ ಹಾಕಿ ದಾಟಿಸಿದೆವು. ಓಡಿಸಿದರೆ ‘ಪರ್ಮಿಷನ್ ಡಿನೈಡ್’ ಅಂತು. ಹಾಗಾಗಿ ಎಲ್ಲವನ್ನೂ ರೂಟ್ (ಪೂರ್ತಿ ಅಧಿಕಾರ ಇರುವ ಯೂಸರ್) ಆಗಿಯೇ ಮಾಡಿದೆ. ಆದರೂ ಪುಟದಲ್ಲಿ 403, ಅಂದರೆ ಪ್ರವೇಶವಿಲ್ಲ ಅನ್ನುವ ಎರರ್. ನನ್ನ ಹೋಮ್ ಫೋಲ್ಡರ್‌ಗೆ ಪೂರ್ತಿ 777 (ಯಾರು ಬೇಕಾದರೂ ಓದಿ ಬರೆಯಬಹುದಾದ ಪರ್ಮಿಷನ್) ಕೊಟ್ಟ ಮೇಲೆ ತೆರೆಯಿತು. ಈಗ ಆಫೀಸಿನ ವೈಫೈನಲ್ಲಿ ಚೆನ್ನಾಗಿ ಕಾಣುತ್ತದೆ, ಮನೆಯಿಂದ ನೋಡಿದರೆ ಬರುವುದಿಲ್ಲ. ಹೊರಗಿನಿಂದ ಬರುವ ವಿನಂತಿ ಆ ಮಷಿನ್‌ಗೆ ಹೋಗುವ ಹಾಗೆ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದ್ದೇವೆ. ವಿಷಯಸೂಚಿ ಪುಟದಲ್ಲಿ ಕನ್ನಡದ ಬದಲು ವಿಚಿತ್ರ ಅಕ್ಷರಗಳು. ಮೊನ್ನೆ ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ತಾನಾಗಿ ಶುರುವಾಗಲೂ ಇಲ್ಲ. ಎಲ್ಲ ಕಿತ್ತುಹಾಕಿ ಮತ್ತೆ ಕಂಪೈಲ್ ಮಾಡಬೇಕಾ?

ಉತ್ತರ: ಬೇಡ, ಮತ್ತೆ ಕಂಪೈಲ್ ಮಾಡಬೇಡಿ. ನಿಮ್ಮ ಪತ್ರದಲ್ಲಿ ಐದಾರು ತೊಂದರೆಗಳು ಒಂದರ ಮೇಲೊಂದು ಕೂತಿವೆ. ಅದರಲ್ಲಿ ಒಂದೂ ಕಂಪೈಲ್ ಕೆಟ್ಟದ್ದರಿಂದ ಬಂದದ್ದಲ್ಲ. ಅದು ಸರಿಯಾಗಿಯೇ ಆಗಿದೆ, ಇಲ್ಲದಿದ್ದರೆ ಆಫೀಸಿನಲ್ಲೂ ಪುಟ ತೆರೆಯುತ್ತಿರಲಿಲ್ಲ. ಇದೇ ಕೆಲಸ ಇನ್ನೊಮ್ಮೆ ಮಾಡಿದರೆ ಇವೇ ತೊಂದರೆಗಳು ಇದೇ ಕ್ರಮದಲ್ಲಿ ವಾಪಸ್ ಬರುತ್ತವೆ.

ಮೊದಲು ಆ ಹುಡುಗ ಹೇಳಿದ ಮಾತು. ಸೋರ್ಸ್‌ನಿಂದ ಕಟ್ಟಿದರೆ ಸೇಫ್ ಅನ್ನುವುದು ತುಂಬಾ ಹಳೆಯ ನಂಬಿಕೆ. ಕೋಡನ್ನು ನಾವೇ ಓದಬಹುದಲ್ಲ ಅನ್ನುವ ಧೈರ್ಯ ಅದರ ಹಿಂದಿದೆ. ಓದಬಹುದು ನಿಜ. ಆದರೆ ನೀವು ಓದಿದಿರಾ? ನಾನೂ ಓದುವುದಿಲ್ಲ. ಟಾರ್‌ಬಾಲ್ (ಸೋರ್ಸ್ ಫೈಲ್‌ಗಳ ಗಂಟು) ಬಿಚ್ಚಿ, ಕಾನ್ಫಿಗರ್ ಓಡಿಸಿ, ಕಂಪೈಲ್ ಮಾಡುವ ಮೇಕ್ ಕೊಟ್ಟು, ಕಾಫಿ ಕುಡಿದು ಬಂದು, ಮೇಕ್ ಇನ್‌ಸ್ಟಾಲ್ ಕೊಡುತ್ತೇವೆ. ಎಲ್ಲರೂ ಮಾಡುವುದು ಅಷ್ಟೇ.

2024ರ ಮಾರ್ಚ್‌ನಲ್ಲಿ ಏನಾಯಿತು ನೋಡಿ. ಎಕ್ಸ್‌ಝಡ್ ಅನ್ನುವ ಕಂಪ್ರೆಷನ್ ಸಾಫ್ಟ್‌ವೇರಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸಿಕ್ಕಿತು. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್‌ಗೆ ಎಸ್‌ಎಸ್‌ಎಚ್ (ದೂರದಿಂದ ಮಷಿನ್ ಒಳಗೆ ಹೋಗುವ ದಾರಿ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನ ಅನಿಸಿತು. ಯಾಕೆ ಅಂತ ಹುಡುಕುತ್ತಾ ಹೋದಾಗ ಇದು ಬಯಲಾಯಿತು. ಆ ಕಳ್ಳ ಕೋಡು ಟೆಸ್ಟ್ ಫೈಲ್‌ಗಳ ಒಳಗೆ ಅವಿತಿತ್ತು. ಅದನ್ನು ಎಬ್ಬಿಸುವ ಸ್ಕ್ರಿಪ್ಟ್ ಇದ್ದದ್ದು ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಮಾತ್ರ, ಕೋಡ್ ಎಲ್ಲರಿಗೂ ಕಾಣುವ ಗಿಟ್ ರೆಪಾಸಿಟರಿಯಲ್ಲಿ ಇರಲಿಲ್ಲ. ಅದು ಎದ್ದು ಕೆಲಸ ಶುರು ಮಾಡುತ್ತಿದ್ದದ್ದು ಕಾನ್ಫಿಗರ್ ಮತ್ತು ಮೇಕ್ ಹಂತದಲ್ಲೇ. ಅದರ ಗುರಿ ಇದ್ದದ್ದು ಡೆಬಿಯನ್, ರೆಡ್‌ಹ್ಯಾಟ್ ಮಾದರಿಯ ಪ್ಯಾಕೇಜ್ ಕಟ್ಟುವವರ ಮೇಲೆ, ಮನೆಯಲ್ಲಿ ಕಂಪೈಲ್ ಮಾಡುವವರ ಮೇಲಲ್ಲ. ಅದನ್ನೂ ಹೇಳಬೇಕು. ಆದರೆ ಡೆಬಿಯನ್‌ನ ಸ್ಥಿರ ಆವೃತ್ತಿ ‘ಸ್ಟೇಬಲ್’ ಹಾಕಿಕೊಂಡವರಿಗೆ ಏನೂ ಆಗಲಿಲ್ಲ. ಕಾರಣ, ಸ್ಟೇಬಲ್ ಹೊಸ ಆವೃತ್ತಿಗಳನ್ನು ತಕ್ಷಣ ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ‘ಹಳೇದು’ ಅಂತ ಹುಡುಗ ಮೂಗು ಮುರಿದದ್ದು ಈ ಗುಣವನ್ನೇ.

ಹಳೇದು ಅಂದರೆ ತೂತು ಇರುವುದು ಅಂತಲೂ ಅಲ್ಲ. ಡೆಬಿಯನ್ 12ರಲ್ಲಿ ಎಂಜಿನ್‌ಎಕ್ಸ್ 1.22.1 ಇದೆ. ನಂಬರ್ ನೋಡಿದರೆ ಹಿಂದುಳಿದ ಹಾಗೆ ಕಾಣುತ್ತದೆ. ಆದರೆ ಸೆಕ್ಯುರಿಟಿ ತೊಂದರೆ ಬಂದಾಗ ಡೆಬಿಯನ್‌ನವರು ಆ ದುರಸ್ತಿಯನ್ನಷ್ಟೇ ತಂದು ಹಳೆ ಆವೃತ್ತಿಗೆ ಹಚ್ಚುತ್ತಾರೆ. ನಂಬರಿನ ಮೊದಲ ಭಾಗ ಹಾಗೇ ಇರುತ್ತದೆ, ಬಾಲದಲ್ಲಿ ಡೆಬ್12ಯು1, ಯು2 ಅಂತ ಸೇರುತ್ತದೆ. ಬರೀ ನಂಬರ್ ನೋಡಿ ಹೆದರಿಸುವ ಸ್ಕ್ಯಾನರ್‌ಗಳಿಗೆ ಇದು ಗೊತ್ತಾಗುವುದಿಲ್ಲ.

ಸ್ಪೀಡ್ ವಿಷಯ ಇನ್ನೂ ತಮಾಷೆ. ಎಂಜಿನ್‌ಎಕ್ಸ್ ಸೋರ್ಸನ್ನು ಏನೂ ಹೇಳದೆ ಕಂಪೈಲ್ ಮಾಡಿದರೆ ಕಂಪೈಲರ್‌ನ ಮೊದಲ ಮಟ್ಟದ ಆಪ್ಟಿಮೈಸೇಷನ್ (ವೇಗ ಹೆಚ್ಚಿಸುವ ಹದ) ಮಾತ್ರ ಬಳಸುತ್ತದೆ. ಡೆಬಿಯನ್‌ನವರು ಎರಡನೇ ಮಟ್ಟದಲ್ಲಿ ಕಟ್ಟುತ್ತಾರೆ. ಜೊತೆಗೆ ಸ್ಟ್ಯಾಕ್ ಪ್ರೊಟೆಕ್ಟರ್‌ನಂಥ ರಕ್ಷಣೆಗಳನ್ನೂ ಸೇರಿಸುತ್ತಾರೆ. ಅಂದರೆ ನೀವು ಕಷ್ಟಪಟ್ಟು ಕಟ್ಟಿದ್ದಕ್ಕಿಂತ ಆ ರೆಡಿಮೇಡ್ ಒಂದು ಹೆಜ್ಜೆ ಮುಂದೇ ಇದೆ. ಹೇಗಿದ್ದರೂ ನಿಮ್ಮ ಓದುಗರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. 60 ಎಂಬಿಯ ಒಂದು ಸಂಚಿಕೆ, 50 ಎಂಬಿಪಿಎಸ್ ಅಪ್‌ಲೋಡ್ ಇರುವ ಲೈನ್ ಅಂತ ಇಟ್ಟುಕೊಳ್ಳಿ. ಹತ್ತು ಸೆಕೆಂಡ್ ಬೇಕೇ ಬೇಕು. ತಡೆ ಇರುವುದು ಲೈನಿನಲ್ಲಿ. ಸರ್ವರ್ ಆ ಹೊತ್ತಿನಲ್ಲಿ ಹೆಚ್ಚುಕಮ್ಮಿ ಸುಮ್ನೆ ಕೂತಿರುತ್ತದೆ.

ಅಂಧೇರಿ, ಪೊವಾಯಿ ಕಡೆಯ ಸಣ್ಣ ಕಂಪನಿಗಳ ಸರ್ವರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ನನ್ನ ಕೈಗೆ ಬರುವ ಹಾಳಾದ ಸರ್ವರ್‌ಗಳಲ್ಲಿ ಒಂದು ಜಾತಿ ಪದೇ ಪದೇ ಸಿಗುತ್ತದೆ. ಯಾರೋ ಬುದ್ಧಿವಂತ ಒಮ್ಮೆ ಅಚ್ಚುಕಟ್ಟಾಗಿ ಸೋರ್ಸ್‌ನಿಂದ ಕಟ್ಟಿರುತ್ತಾನೆ. ಆಮೇಲೆ ಬೇರೆ ಕೆಲಸ ಸಿಕ್ಕಿ ಹೋಗಿರುತ್ತಾನೆ. ಅವತ್ತಿನಿಂದ ಅದನ್ನು ಯಾರೂ ಮುಟ್ಟಿರುವುದಿಲ್ಲ. ಪ್ಯಾಕೇಜ್ ಆಗಿದ್ದರೆ ಆಪ್ಟ್ ಅನ್ನುವ ಪ್ಯಾಕೇಜ್ ಮ್ಯಾನೇಜರ್‌ನ ದಿನನಿತ್ಯದ ಅಪ್‌ಡೇಟ್ ಅದನ್ನು ಕಾಪಾಡುತ್ತಿತ್ತು. ಸೋರ್ಸ್‌ನಿಂದ ಹಾಕಿದ್ದು ಆಪ್ಟ್‌ನ ಲೆಕ್ಕದಲ್ಲೇ ಇಲ್ಲ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಅನ್ನುವ ಎನ್‌ಕ್ರಿಪ್ಷನ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ದೊಡ್ಡ ತೂತು ಸಿಕ್ಕಾಗ ಪ್ಯಾಕೇಜ್ ಹಾಕಿಕೊಂಡವರು ಲೈಬ್ರರಿ ಅಪ್‌ಡೇಟ್ ಮಾಡಿ, ಸರ್ವರ್ ರೀಸ್ಟಾರ್ಟ್ ಮಾಡಿ ತೂತು ಮುಚ್ಚಿದರು. ಓಪನ್‌ಎಸ್‌ಎಸ್‌ಎಲ್ ಅನ್ನು ಎಂಜಿನ್‌ಎಕ್ಸ್ ಹೊಟ್ಟೆಯೊಳಗೇ ಸೇರಿಸಿ ಕಂಪೈಲ್ ಮಾಡಿದ್ದವರ ಮಷಿನ್‌ನಲ್ಲಿ ಅದೇ ಅಪ್‌ಡೇಟ್ ಬಂದರೂ ಸರ್ವರ್ ಒಳಗಿನ ತೂತು ಹಾಗೇ ಉಳಿಯಿತು. ಅವರು ಮತ್ತೆ ಕಟ್ಟಬೇಕಾಯಿತು. ಹಾಗಾಗಿ ನಿಮ್ಮ ಸಂಘಕ್ಕೆ ನಾನು ಕೇಳುವ ಪ್ರಶ್ನೆ ಒಂದೇ. ಈ ಹುಡುಗ ನಾಳೆ ಬೆಂಗಳೂರಿಗೋ ಜರ್ಮನಿಗೋ ಹೋದರೆ ಎಂಜಿನ್‌ಎಕ್ಸ್‌ನ ಸೆಕ್ಯುರಿಟಿ ಸುದ್ದಿ ನೋಡಿಕೊಂಡು ಮತ್ತೆ ಕಂಪೈಲ್ ಮಾಡುವವರು ಯಾರು? ಹೆಸರು ಹೇಳಲು ಆಗದಿದ್ದರೆ ಪ್ಯಾಕೇಜೇ ಹಾಕಿ.

ಇನ್ನು ನಿಮ್ಮ ಎರರ್‌ಗಳು. ಕಾನ್ಫಿಗರ್ ಎರಡು ಸಲ ನಿಂತದ್ದು ತೀರಾ ಮಾಮೂಲು. ಎಂಜಿನ್‌ಎಕ್ಸ್‌ಗೆ ಪಿಸಿಆರ್‌ಇ ಮತ್ತು ಝಡ್‌ಲಿಬ್ ಅನ್ನುವ ಲೈಬ್ರರಿಗಳು ಬೇಕು. ಎಚ್‌ಟಿಟಿಪಿಎಸ್ (ಎನ್‌ಕ್ರಿಪ್ಟ್ ಆದ ಸಂಪರ್ಕ) ಬೇಕಾದರೆ ಓಪನ್‌ಎಸ್‌ಎಸ್‌ಎಲ್ ಕೂಡ. ಲೈಬ್ರರಿ ಮಷಿನ್‌ನಲ್ಲಿ ಇದ್ದರೂ ಸಾಲದು, ಹೆಸರಿನ ಕೊನೆಗೆ ‘ಡೆವ್’ ಅಂತ ಇರುವ ಪ್ಯಾಕೇಜ್ ಬೇರೆ ಹಾಕಬೇಕು. ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲ್‌ಗಳು ಇರುವುದು ಅದರಲ್ಲಿ. ಅಷ್ಟೇ ವಿಷಯ.

‘ಪರ್ಮಿಷನ್ ಡಿನೈಡ್’ ಬಂದದ್ದು 80ನೇ ಪೋರ್ಟ್‌ಗೆ, ಅಂದರೆ ವೆಬ್ ಪುಟಗಳ ಬಾಗಿಲಿಗೆ. ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳನ್ನು ರೂಟ್ ಮಾತ್ರ ತೆರೆಯಬಹುದು ಅನ್ನುವುದು ಮೊದಲಿನಿಂದ ಬಂದ ಪದ್ಧತಿ. ಅದಕ್ಕಾಗಿ ಸರ್ವರನ್ನು ರೂಟ್ ಆಗಿ ಶುರು ಮಾಡಿದ್ದು ತಪ್ಪಲ್ಲ. ಕಾನ್ಫಿಗರ್ ಮತ್ತು ಮೇಕ್ ಕೂಡ ರೂಟ್ ಆಗಿ ಮಾಡಿದ್ದು ಬೇಕಿರಲಿಲ್ಲ. ಎಲ್ಲಿಂದಲೋ ಬಂದ ಸ್ಕ್ರಿಪ್ಟ್‌ಗೆ ಮನೆಯ ಪೂರ್ತಿ ಬೀಗದ ಕೈ ಯಾಕೆ ಕೊಡಬೇಕು? ಎಕ್ಸ್‌ಝಡ್ ಕಥೆ ಈಗಷ್ಟೇ ಹೇಳಿದೆನಲ್ಲ.

‘ರೂಟ್ ಆಗಿ ಓಡಿಸಿದರೂ 403 ಯಾಕೆ’ ಅಂತ ನಿಮಗೆ ಗೊಂದಲ ಆಗಿರಬೇಕು. ಎಂಜಿನ್‌ಎಕ್ಸ್‌ನಲ್ಲಿ ಮಾಸ್ಟರ್, ವರ್ಕರ್ ಅಂತ ಎರಡು ಬಗೆಯ ಪ್ರೊಸೆಸ್‌ಗಳಿವೆ. ರೂಟ್ ಆಗಿ ಇರುವುದು ಮಾಸ್ಟರ್ ಮಾತ್ರ. ಅದು ಕಾನ್ಫಿಗರೇಷನ್ ಓದಿ, ಪೋರ್ಟ್ ತೆರೆದು, ಕೆಲಸವನ್ನು ವರ್ಕರ್‌ಗಳಿಗೆ ಒಪ್ಪಿಸುತ್ತದೆ. ವರ್ಕರ್‌ಗಳು ‘ನೋಬಡಿ’ ಅನ್ನುವ, ಯಾವ ಅಧಿಕಾರವೂ ಇಲ್ಲದ ಯೂಸರ್ ಹೆಸರಲ್ಲಿ ಓಡುತ್ತವೆ. ನಿಮ್ಮ ಪಿಡಿಎಫ್ ಓದಬೇಕಾದ್ದು ಈ ನೋಬಡಿ. ಫೈಲ್ ಓದಲು ಆ ಫೈಲಿನ ಪರ್ಮಿಷನ್ ಇದ್ದರೆ ಸಾಲದು. ಮೇಲಿನಿಂದ ಅಲ್ಲಿಯವರೆಗೆ ಬರುವ ಪ್ರತಿ ಫೋಲ್ಡರ್‌ನಲ್ಲೂ ದಾಟಿ ಹೋಗುವ ಪರ್ಮಿಷನ್, ಅಂದರೆ ಎಕ್ಸಿಕ್ಯೂಟ್ ಬಿಟ್ ಇರಬೇಕು. ನಿಮ್ಮ ಹೋಮ್ ಫೋಲ್ಡರ್ ಬೇರೆಯವರಿಗೆ ಮುಚ್ಚಿತ್ತು. ನೋಬಡಿ ಅಲ್ಲೇ ನಿಂತ. ನೇಮ್‌ಐ ಅನ್ನುವ ಸಣ್ಣ ಕಮಾಂಡ್ ಇದೆ. ಅದಕ್ಕೆ ಎಲ್ ಆಪ್ಷನ್ ಕೊಟ್ಟು ಫೈಲಿನ ಪೂರ್ತಿ ದಾರಿ ಕೊಟ್ಟರೆ ಪ್ರತಿ ಮೆಟ್ಟಿಲಿನ ಪರ್ಮಿಷನ್ ಸಾಲಾಗಿ ತೋರಿಸುತ್ತದೆ. 403 ಬಂದಾಗ ನಾನು ಮೊದಲು ನೋಡುವುದು ಅದನ್ನೇ.

777 ಮಾತ್ರ ಇವತ್ತೇ ತೆಗೆಯಿರಿ. ಈಗ ಆ ಮಷಿನ್‌ನಲ್ಲಿ ಓಡುವ ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮ ಹೋಮ್ ಫೋಲ್ಡರ್‌ನ ಯಾವ ಫೈಲ್ ಬೇಕಾದರೂ ಬದಲಿಸಬಹುದು, ಅಳಿಸಬಹುದು. ಮುಂದೆ ಎಸ್‌ಎಸ್‌ಎಚ್ ಕೀ ಹಾಕಿ ಲಾಗಿನ್ ಆಗಲು ಹೋದರೆ ಅದೂ ಆಗುವುದಿಲ್ಲ. ಯಾರು ಬೇಕಾದರೂ ಬರೆಯಬಹುದಾದ ಹೋಮ್ ಫೋಲ್ಡರ್ ಕಂಡರೆ ಎಸ್‌ಎಸ್‌ಎಚ್ ಸರ್ವರ್ ಕೀಯನ್ನು ನಂಬುವುದಿಲ್ಲ. ಸ್ಕ್ಯಾನ್‌ಗಳನ್ನು ಹೋಮ್ ಫೋಲ್ಡರ್‌ನಿಂದ ಎತ್ತಿ ರೂಟ್ ಡೈರೆಕ್ಟರಿಯ ‘ಎಸ್‌ಆರ್‌ವಿ’ ಒಳಗೆ ‘ಪತ್ರಿಕೆ’ ಅಂತ ಒಂದು ಫೋಲ್ಡರ್ ಮಾಡಿ ಇಡಿ. ಇಂಥದ್ದಕ್ಕೆಂದೇ ಇರುವ ಜಾಗ ಅದು. ಅಲ್ಲಿ ಫೋಲ್ಡರ್‌ಗಳಿಗೆ 755, ಫೈಲ್‌ಗಳಿಗೆ 644 ಸಾಕು (ಎಲ್ಲರೂ ಓದಬಹುದು, ಮಾಲೀಕ ಮಾತ್ರ ಬರೆಯಬಹುದು). ಹೋಮ್ ಫೋಲ್ಡರನ್ನು 700 (ನಿಮಗೆ ಮಾತ್ರ) ಮಾಡಿ. ಅದರ ಒಳಗಿನ ಫೈಲ್‌ಗಳಿಗೂ 777 ಹೋಗಿದ್ದರೆ ಗ್ರೂಪ್‌ನವರಿಗೂ ಇತರರಿಗೂ ಇರುವ ಬರೆಯುವ ಹಕ್ಕನ್ನು ಪರ್ಮಿಷನ್ ಬದಲಿಸುವ ಸಿಎಚ್‌ಮಾಡ್ ಕಮಾಂಡ್‌ನಿಂದಲೇ ತೆಗೆಯಿರಿ.

ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ಏಳಲಿಲ್ಲ ಅಂದಿರಿ. ಎಂಜಿನ್‌ಎಕ್ಸ್‌ನ ಮೇಕ್ ಇನ್‌ಸ್ಟಾಲ್ ಫೈಲ್‌ಗಳನ್ನು ಜಾಗಕ್ಕೆ ಹಾಕುತ್ತದೆ, ಬೂಟ್ ಆದಾಗ ಶುರು ಮಾಡು ಅಂತ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಗೆ ಹೇಳುವುದಿಲ್ಲ. ಹಾಗೆ ಹೇಳುವ ಯೂನಿಟ್ ಫೈಲ್ ನಾವೇ ಬರೆಯಬೇಕು. ಪ್ಯಾಕೇಜ್ ಆದರೆ ಅದು ಜೊತೆಗೇ ಬರುತ್ತದೆ. ಕಂಪ್ಯೂಟರ್ರೇ ಆನ್ ಆಗದೆ ಬಟನ್ ಒತ್ತಬೇಕಾಗಿ ಬಂದಿದ್ದರೆ ಬಯಾಸ್ ಸೆಟ್ಟಿಂಗ್‌ಗೆ ಹೋಗಿ. ಪವರ್ ವಾಪಸ್ ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಅಲ್ಲಿರುತ್ತದೆ.

ವಿಚಿತ್ರ ಅಕ್ಷರಗಳಿಗೆ ಕಾರಣ ಎರಡರಲ್ಲಿ ಒಂದು. ವಿಷಯಸೂಚಿಯ ಫೈಲನ್ನು ಮಾಮೂಲಿ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡಿ. ಅಲ್ಲಿ ಕನ್ನಡ ಸರಿಯಾಗಿ ಕಂಡರೆ ಫೈಲ್ ಯೂನಿಕೋಡ್‌ನಲ್ಲಿದೆ, ಬ್ರೌಸರ್‌ಗೆ ಮಾತ್ರ ಅದು ಗೊತ್ತಾಗಿಲ್ಲ. ಎಂಜಿನ್‌ಎಕ್ಸ್ ತಾನಾಗಿ ಚಾರ್‌ಸೆಟ್ (ಅಕ್ಷರಗಳ ಸಂಕೇತ ಪದ್ಧತಿ) ಹೇಳುವುದಿಲ್ಲ. ಕಾನ್ಫಿಗರೇಷನ್‌ನಲ್ಲಿ ‘ಚಾರ್‌ಸೆಟ್ ಯುಟಿಎಫ್-8’ ಅಂತ ಒಂದು ಸಾಲು ಇಂಗ್ಲಿಷಿನಲ್ಲಿ ಸೇರಿಸಿ ರೀಲೋಡ್ ಮಾಡಿದರೆ ಮುಗಿಯಿತು. ಎಡಿಟರ್‌ನಲ್ಲೂ ಕಸದ ಹಾಗೆ ಕಂಡರೆ ಅದು ಹಳೆ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದಕ್ಕೆ ಸರ್ವರ್ ಏನೂ ಮಾಡಲಾರದು. ಕನ್ವರ್ಟರ್ ಹಾಕಿ ಯೂನಿಕೋಡ್‌ಗೆ ತಂದು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ಪತ್ರಿಕೆ ಕೆಲಸ ಮಾಡಿದವರಿಗೆ ಈ ಗೋಳು ಹೊಸದಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಹೊರಗಿನಿಂದ ಕಾಣದಿರುವುದು. ರೂಟರ್‌ನ ಸ್ಟೇಟಸ್ ಪುಟ ತೆರೆದು ‘ವ್ಯಾನ್ ಐಪಿ’ (ರೂಟರ್‌ನ ಹೊರಗಿನ ಕಡೆಯ ವಿಳಾಸ) ಎಷ್ಟಿದೆ ನೋಡಿ ಬರೆದುಕೊಳ್ಳಿ. ಆಮೇಲೆ ಅದೇ ಆಫೀಸಿನ ವೈಫೈನಿಂದ, ನಿಮ್ಮ ಐಪಿ ವಿಳಾಸ ತೋರಿಸುವ ಯಾವುದಾದರೂ ಸೈಟ್‌ಗೆ ಹೋಗಿ ಅಲ್ಲಿ ಬರುವ ನಂಬರ್ ನೋಡಿ. ಎರಡೂ ಒಂದೇ ಆಗಿದ್ದರೆ ನಿಮಗೆ ಸ್ವಂತ ಪಬ್ಲಿಕ್ ಐಪಿ ಇದೆ. ಆಗ ತೊಂದರೆ ಪೋರ್ಟ್ ಫಾರ್ವರ್ಡಿಂಗ್‌ನಲ್ಲೋ ಮಷಿನ್‌ನ ಫೈರ್‌ವಾಲ್‌ನಲ್ಲೋ ಇರುತ್ತದೆ. ಕೆಲವು ಇಂಟರ್ನೆಟ್ ಕಂಪನಿಗಳು 80ನೇ ಪೋರ್ಟನ್ನೇ ತಡೆಯುತ್ತವೆ, ಅದನ್ನೂ ಕೇಳಿ ನೋಡಿ. ಬೇರೆ ಬೇರೆ ಆಗಿದ್ದರೆ, ಅದರಲ್ಲೂ ರೂಟರ್‌ನಲ್ಲಿ ಕಾಣುವುದು 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಡೊಂಬಿವಲಿ, ಕಲ್ಯಾಣ್ ಕಡೆಯ ಕೇಬಲ್ ಬ್ರಾಡ್‌ಬ್ಯಾಂಡ್ ಅಂದಾಗಲೇ ನನಗೆ ಇದರ ಅನುಮಾನ ಬರುತ್ತದೆ.

ಸಿಜಿನ್ಯಾಟ್ ಅಂದರೆ ಇಷ್ಟು: ಐಪಿವಿ4 (ಹಳೆ ಮಾದರಿಯ ಐಪಿ) ವಿಳಾಸಗಳು ಸಾಲದ ಕಾರಣ ಕಂಪನಿಗಳು ನೂರಾರು ಗಿರಾಕಿಗಳಿಗೆ ಸೇರಿಸಿ ಒಂದೇ ಪಬ್ಲಿಕ್ ವಿಳಾಸ ಕೊಡುತ್ತವೆ. ಸೊಸೈಟಿ ಹೆಸರು ಮಾತ್ರ ಬರೆದು ಫ್ಲಾಟ್ ನಂಬರ್ ಇಲ್ಲದ ಪಾರ್ಸೆಲ್ ಗೇಟಿಗೆ ಬಂದರೆ ವಾಚ್‌ಮನ್ ಏನು ಮಾಡುತ್ತಾನೆ? ವಾಪಸ್ ಕಳಿಸುತ್ತಾನೆ. ನಿಮ್ಮ ಮನೆಯಿಂದ ಹೊರಟ ವಿನಂತಿ ಹಾಗೆ ಕಂಪನಿಯ ಗೇಟಿನಲ್ಲೇ ಬಿದ್ದುಹೋಗುತ್ತದೆ. ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಹಾಗಾಗಿ ರೂಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ವ್ಯರ್ಥ.

ಇದಕ್ಕೆ ದಾರಿಗಳಿವೆ. ಕೇಬಲ್‌ನವರನ್ನು ಕೇಳಿ ಸ್ಟ್ಯಾಟಿಕ್ (ನಿಮ್ಮದೇ ಆದ, ಬದಲಾಗದ) ಐಪಿ ತೆಗೆದುಕೊಳ್ಳಬಹುದು. ಜಾಸ್ತಿ ದುಡ್ಡು ಕೊಡಬೇಕು, ಕೆಲವರು ಬಿಸಿನೆಸ್ ಪ್ಲಾನ್ ತೆಗೆದುಕೊಳ್ಳಿ ಅನ್ನುತ್ತಾರೆ. ಆಗ ನಿಮ್ಮ ಆಫೀಸಿನ ಮಷಿನ್ ನೇರವಾಗಿ ಊರಿಗೆಲ್ಲ ಕಾಣುತ್ತದೆ. ಬಾಗಿಲು ತಟ್ಟುವ ಬಾಟ್‌ಗಳು ಅದೇ ದಿನ ಶುರುವಾಗುತ್ತವೆ, ಲಾಗ್ ನೋಡಿ ಗಾಬರಿಯಾಗಬೇಡಿ. ಸಂಘದ ಲೆಕ್ಕಪತ್ರ, ಸದಸ್ಯರ ಫೋನ್ ನಂಬರ್ ಇರುವ ಕಂಪ್ಯೂಟರ್ ಅದೇ ವೈಫೈನಲ್ಲಿದ್ದರೆ ಮಾತ್ರ ನನಗೆ ಈ ದಾರಿ ಇಷ್ಟವಿಲ್ಲ. ಹೊಸ ಮಾದರಿಯ ಐಪಿವಿ6 ವಿಳಾಸ ಇದ್ದರೆ ಸಿಜಿನ್ಯಾಟ್ ರಗಳೆ ಇಲ್ಲ, ಆದರೆ ಐಪಿವಿ6 ಇಲ್ಲದ ಓದುಗರಿಗೆ ಸೈಟ್ ತೆರೆಯುವುದಿಲ್ಲ. ಕ್ಲೌಡ್‌ಫ್ಲೇರ್ ಟನಲ್‌ನಂಥದ್ದು ಹಾಕಿದರೆ ಆಫೀಸಿನ ಮಷಿನ್ನೇ ಹೊರಗೆ ಕೈ ಚಾಚಿ ಸಂಪರ್ಕ ಹಿಡಿದಿರುತ್ತದೆ. ಪೋರ್ಟ್ ತೆರೆಯುವ ಕೆಲಸವೇ ಇಲ್ಲ. ಆದರೆ ಮೂರನೆಯವರ ನಿಯಮಕ್ಕೆ ಒಪ್ಪಿಕೊಂಡಂತೆ, 40 ಜಿಬಿ ಪಿಡಿಎಫ್ ಹಂಚಲು ಅವರ ಷರತ್ತು ಬಿಡುತ್ತದಾ ಅಂತ ಓದಿಕೊಳ್ಳಿ.

ಈ ಮೂರರಲ್ಲೂ ಮಷಿನ್ ಆಫೀಸಿನಲ್ಲೇ ಹಗಲೂ ರಾತ್ರಿ ಓಡಬೇಕು. ಹಳೆ ಡೆಸ್ಕ್‌ಟಾಪ್ 70 ವ್ಯಾಟ್ ಎಳೆಯುತ್ತದೆ ಅಂದುಕೊಂಡರೂ ತಿಂಗಳಿಗೆ ಸುಮಾರು 50 ಯೂನಿಟ್ ಆಯಿತು. ಮಳೆಗಾಲದಲ್ಲಿ ಯುಪಿಎಸ್ ಬೇಕು. ಹಾರ್ಡ್‌ಡಿಸ್ಕ್ ಹಳೇದು. ನನ್ನ ಕೇಳಿದರೆ, ಒಂದು ಸಣ್ಣ ವಿಪಿಎಸ್ (ಡೇಟಾ ಸೆಂಟರ್‌ನಲ್ಲಿ ಓಡುವ ವರ್ಚುವಲ್ ಸರ್ವರ್) ಬಾಡಿಗೆಗೆ ಹಿಡಿಯಿರಿ. ಅಮೆಜಾನ್ 2016ರಲ್ಲೇ ಮುಂಬಯಿಯಲ್ಲಿ ಡೇಟಾ ಸೆಂಟರ್ ತೆರೆದಿದೆ, ಬೇರೆ ಕಂಪನಿಗಳೂ ಇವೆ. ಎಲ್ಲಕ್ಕಿಂತ ಅಗ್ಗದ ಪ್ಲಾನ್‌ಗಳಲ್ಲಿ ಡಿಸ್ಕ್ ಚಿಕ್ಕದಿರುತ್ತದೆ, 40 ಜಿಬಿ ಹಿಡಿಸುತ್ತದಾ ನೋಡಿ. ತಿಂಗಳಿಗೆ ಎಷ್ಟು ಡೇಟಾ ಹೊರಗೆ ಹೋಗಬಹುದು ಅನ್ನುವ ಮಿತಿಯನ್ನೂ ನೋಡಿ, ಬಿಲ್ ಏರುವುದು ಅಲ್ಲಿಯೇ. ಆಫೀಸಿನ ಡೆಸ್ಕ್‌ಟಾಪ್‌ನಲ್ಲಿ ಒಂದು ಪ್ರತಿ ಬ್ಯಾಕಪ್ ಆಗಿ ಉಳಿಯಲಿ. ಇಷ್ಟೂ ಬೇಡ ಅನಿಸಿದರೆ ಪಿಡಿಎಫ್‌ಗಳನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿ, ಅಲ್ಲಿಗೆ ಲಿಂಕ್ ಕೊಡುವ ವಿಷಯಸೂಚಿ ಮಾತ್ರ ನೀವು ಇಟ್ಟುಕೊಳ್ಳಬಹುದು. ಸರ್ವರ್ ನೋಡಿಕೊಳ್ಳಲು ಜನವೇ ಇಲ್ಲದ ಸಂಘಕ್ಕೆ ಅದೇ ಸರಿ. ಎಲ್ಲಿ ಇಟ್ಟರೂ ಲೇಖಕರ ಒಪ್ಪಿಗೆ ಕೇಳಿಕೊಳ್ಳಿ, ಸಂಚಿಕೆ ಸಂಘದ್ದಾದರೂ ಕಥೆ, ಕವಿತೆ ಬರೆದವರದ್ದು.

ಎಚ್‌ಟಿಟಿಪಿಎಸ್‌ಗೆ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಸಾಕು. ಅದರ ಆಯಸ್ಸು ಕಡಿಮೆ, ಸಾಮಾನ್ಯವಾಗಿ 90 ದಿನ. ಸರ್ಟ್‌ಬಾಟ್ ಅನ್ನುವ ಪ್ರೋಗ್ರಾಂ ತಾನಾಗಿ ನವೀಕರಿಸುತ್ತದೆ. ಮಾಮೂಲಿ ವಿಧಾನದಲ್ಲಿ ಅವರ ಕಡೆಯಿಂದ ನಿಮ್ಮ 80ನೇ ಪೋರ್ಟ್‌ಗೆ ಬಂದು ಪರೀಕ್ಷೆ ಮಾಡುತ್ತಾರೆ. ಹಾಗಾಗಿ ಸಿಜಿನ್ಯಾಟ್ ಹಿಂದೆ ಕೂತು ಇದನ್ನು ಪ್ರಯತ್ನಿಸಿ ತಲೆ ಕೆಡಿಸಿಕೊಳ್ಳಬೇಡಿ.

ಈಗ ಹಾಕಿರುವುದನ್ನು ತೆಗೆಯುವುದು ಸುಲಭ. ಎಂಜಿನ್‌ಎಕ್ಸ್ ಸೋರ್ಸ್‌ನಲ್ಲಿ ‘ಮೇಕ್ ಅನ್‌ಇನ್‌ಸ್ಟಾಲ್’ ಅನ್ನುವುದು ಇಲ್ಲ, ಹುಡುಕಬೇಡಿ. ಆದರೆ ಬೇರೆ ಏನೂ ಹೇಳದಿದ್ದರೆ ಅದು ಎಲ್ಲವನ್ನೂ ‘ಯುಎಸ್‌ಆರ್’ ಒಳಗಿನ ‘ಲೋಕಲ್’ನಲ್ಲಿ ತನ್ನ ಹೆಸರಿನ ಒಂದೇ ಫೋಲ್ಡರ್‌ಗೆ ಹಾಕಿರುತ್ತದೆ. ಸರ್ವರ್ ನಿಲ್ಲಿಸಿ, ಕಾನ್ಫಿಗರೇಷನ್ ಫೈಲಿನ ಪ್ರತಿ ತೆಗೆದುಕೊಂಡು, ಆ ಫೋಲ್ಡರ್ ಅಳಿಸಿ. ಆಮೇಲೆ ಆಪ್ಟ್‌ನಿಂದ ಎಂಜಿನ್‌ಎಕ್ಸ್ ಹಾಕಿ. ಹಳೆಯದನ್ನು ನಿಲ್ಲಿಸಲು ಮರೆತರೆ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅಂತ ಬೈಯುತ್ತದೆ. ಪ್ಯಾಕೇಜ್‌ನ ಕಾನ್ಫಿಗರೇಷನ್ ‘ಇಟಿಸಿ’ ಒಳಗೆ ಇರುತ್ತದೆ, ಅದರ ವರ್ಕರ್ ಯೂಸರ್ ಹೆಸರು ನೋಬಡಿ ಅಲ್ಲ, ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’. ಹಳೆ ಫೈಲನ್ನು ಹಾಗೇ ಮೇಲೆ ಹೇರಬೇಡಿ, ನಿಮ್ಮ ಸೈಟಿನ ಭಾಗ ಮಾತ್ರ ತನ್ನಿ. ಏನೇ ಬದಲಿಸಿದರೂ ರೀಲೋಡ್ ಮಾಡುವ ಮುಂಚೆ ಎಂಜಿನ್‌ಎಕ್ಸ್‌ಗೆ ಟಿ ಆಪ್ಷನ್ ಕೊಟ್ಟು ಓಡಿಸಿ, ತಪ್ಪು ಯಾವ ಸಾಲಿನಲ್ಲಿದೆ ಅಂತ ಹೇಳುತ್ತದೆ. ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಪ್ಯಾಕೇಜನ್ನೂ ಹಾಕಿ ಆನ್ ಮಾಡಿ, ಸೆಕ್ಯುರಿಟಿ ಅಪ್‌ಡೇಟ್‌ಗಳು ತಾವಾಗಿ ಬರುತ್ತವೆ.

ಹುಡುಗನಿಗೆ ಬೇಜಾರಾಗುವುದು ಬೇಡ. ಡೆಬಿಯನ್‌ನಲ್ಲಿ ಇಲ್ಲದ ಮಾಡ್ಯೂಲ್ ಬೇಕಾದಾಗ ನಾವೂ ಸೋರ್ಸ್‌ನಿಂದ ಕಟ್ಟುತ್ತೇವೆ, ಕಲಿಯಲಿಕ್ಕಂತೂ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅವನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಮಾಡಲಿ. ಟಾರ್‌ಬಾಲ್ ಜೊತೆ ಬರುವ ಸಹಿಯನ್ನು ಜಿಪಿಜಿ ಅನ್ನುವ ಪ್ರೋಗ್ರಾಂನಿಂದ ತಾಳೆ ನೋಡಲಿ. ಕಾನ್ಫಿಗರ್‌ಗೆ ಪ್ರಿಫಿಕ್ಸ್ ಆಪ್ಷನ್ ಕೊಟ್ಟು ತನ್ನ ಹೋಮ್ ಫೋಲ್ಡರ್ ಒಳಗೇ ಇನ್‌ಸ್ಟಾಲ್ ಆಗುವ ಹಾಗೆ ಮಾಡಿ, 80ರ ಬದಲು 8080ನೇ ಪೋರ್ಟ್ ಹಾಕಿದರೆ ಶುರುವಿನಿಂದ ಕೊನೆವರೆಗೆ ರೂಟ್ ಪಾಸ್‌ವರ್ಡ್ ಒಮ್ಮೆಯೂ ಬೇಕಾಗುವುದಿಲ್ಲ.